ಅಂಗೈ ಬೊಬ್ಬೆಯ ಪದ್ಯ

ಯಲಬುರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ರಪ್ಪ ಮಾಸ್ತರರು ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದರು. ಊರಿನ ಕವಿಯೊಬ್ಬರ ಹೊಸ ಸಂಕಲನವನ್ನು, ಅದರೊಳಗಿನ ಕರುಣೆಯನ್ನು, ಸಂಜೆ ಅಲ್ಲಿ ಅವರು ಕೊಂಡಾಡಬೇಕಿತ್ತು. ಹಿಂದಿನ ಕಟ್ಟೆಯ ಮೇಲೆ ಕೂತವಳು ಆ ಕವಿಯ ಹೆಂಡತಿಯೆಂದು ಮಾತಿನಲ್ಲೇ ತಿಳಿಯಿತು. ಜೊತೆಗೆ ಅವಳ ಅಕ್ಕ.

“ಏನವಾ, ನಿಮ್ಮ ಮನಿಯವರು ನಿನ್ನ ಮ್ಯಾಲ ಪುಸ್ತಕ ಬರದಾರಂತ?”

“ಹೂಂ ಅಕ್ಕಾ. ನೀರಿಗಂತ ಬೋರಿಂಗ್ ಪಂಪ್ ಹೊಡದು ಹೊಡದು ನನ್ನ ಅಂಗೈ ಬೊಬ್ಬಿ ಎದ್ದಿದ್ದಕ್ಕೂ ಒಂದು ಪದ್ಯ ಐತಿ.”

“ಹೆಂಗೈತಿ?”

“ಭಾಳ ಛಲೋ ಐತಿ. ಓದಿ ಹೇಳಿದ್ರು. ಅವರೂ ಅತ್ರು, ನಾನೂ ಅತ್ತೆ.”

“ಆಮ್ಯಾಲ ಒಂದು ಕೊಡನರ ಹೊತ್ತು ತಂದ್ರೇನು?”

“ಕೈಗೆ ಮಸಿ ಆಗೈತಿ, ತೊಳಕೊಳ್ಳಾಕ ನೀರು ತಾ ಅಂದ್ರು.”

ಬಸ್ಸು ಬಂತು. ಅಕ್ಕತಂಗಿಯರು ನಗುತ್ತ ಹತ್ತಿದರು. ಆ ಪದ್ಯವನ್ನೇ ಹಾಡಿ ಹೊಗಳಲು ಹೊರಟಿದ್ದ ಮಾಸ್ತರರು, ಮುಂದಿನ ಬಸ್ಸಿಗೆ ಹೋದರಾಯಿತೆಂದು ಮೆಲ್ಲಗೆ ಕೂತರು.