ಅದಲು ಬದಲಾದ ಕಣ್ಣು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಕೂತಿದ್ದರು. ಆ ತಮ್ಮ ಕಂಪ್ಯೂಟರಿನಿಂದ ಪರದೆಗೆ ಚಿತ್ರ ಕಳಿಸುವ ಪ್ರೋಗ್ರಾಂ, ಅಂದರೆ ವಿಡಿಯೋ ಡ್ರೈವರ್, ಬರೆಯುವವನೆಂದು ಮಾತಿನಿಂದ ತಿಳಿಯಿತು.

“ಇಷ್ಟು ವರ್ಷ ಕರೆದ್ರೂ ಬರ್ಲಿಲ್ಲ. ಇವತ್ತೇನು ನೀನೇ ಹೊರಟೆ?”

“ಎಡಗಣ್ಣು ಲೆಕ್ಕಕ್ಕಿಲ್ಲ ಅಂತ ಡಾಕ್ಟರ ಚೀಟಿ ಬೇಕು ಅಕ್ಕ, ಆಫೀಸಿಗೆ.”

“ಯಾಕೆ?”

“ತ್ರೀಡಿ ಅಂದ್ರೆ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ಹೋಗ್ಬೇಕು. ನಾನು ಅದಲು ಬದಲು ಕಳಿಸ್ದೆ. ನಾನೇ ಕನ್ನಡಕ ಹಾಕಿ ನೋಡಿ, ಸರಿಯಿದೆ ಅಂತ ಸಹಿ ಹಾಕ್ದೆ.”

“ಒಂದೇ ಕಣ್ಣಲ್ಲಿ! ಬೇರೆಯವ್ರಿಗೆ ತೋರಿಸೋಕೆ ನಿಂಗೇನು ರೋಗ?”

“ಕಣ್ಣಿನ ವಿಷಯ ಹೊರಗೆ ಬಂದ್ರೆ ಕೆಲಸ ಹೋಗತ್ತೆ ಅಂತ ಹೆದರ್ದೆ.”

“ಸರಿ, ತಿದ್ದು. ಅದಕ್ಯಾಕೆ ಈ ಮುಖ?”

“ತಿದ್ದಾಯ್ತು, ಯಾರಿಗೂ ಹೇಳ್ದೆ. ಅದಕ್ಕೆ ಮುಂಚೆ ಒಂದು ಆಸ್ಪತ್ರೆಲಿ ಆ ತ್ರೀಡಿ ಪರದೆ ನೋಡ್ಕೊಂಡು ಒಬ್ಬ ಡಾಕ್ಟರಮ್ಮ ಆಪರೇಷನ್ ಕಲೀತಿದ್ರು. ಹತ್ತಿರದ್ದು ದೂರ ಕಾಣ್ಸಿ, ಸೂಜಿ ಹಾಕಿದಲ್ಲೆಲ್ಲ ತಪ್ಪು. ಕೈ ಸರಿಯಿಲ್ಲ ಅಂತ ಆ ತರಬೇತಿಯಿಂದ ತೆಗೆದುಹಾಕಿದ್ದಾರೆ. ಈಗ ಅದೇ ಪರದೆ ನೋಡ್ಕೊಂಡು ಬೇರೆಯವ್ರೆಲ್ಲ ಚೆನ್ನಾಗಿ ಹೊಲೀತಾರೆ. ಅವ್ರ ಕೈಯೇ ಕೆಟ್ಟದ್ದು ಅನ್ನೋದು ಇನ್ನೂ ಗಟ್ಟಿಯಾಯ್ತು.”



“ಆ ಡಾಕ್ಟರಮ್ಮಂಗೆ ಹೇಳಿದೀಯಾ?”

“ಚೀಟಿ ಸಿಗಲಿ ಅಂತ...”

“ಚೀಟಿ ನಿನ್ನ ಬಚಾವಿಗೆ. ಅವ್ರಿಗೇನು ಬಂತು? ಅವ್ರ ಆಸ್ಪತ್ರೆ ಎಷ್ಟು ದೂರ?”

“ಬಸ್ಸಲ್ಲಿ ಮೂರು ಸ್ಟಾಪು.”

“ಎದ್ದೇಳು, ಹೋಗೋಣ.”

“ನಮ್ಮ ನಂಬರು ಬರೋ ಹೊತ್ತಾಯ್ತು ಅಕ್ಕ.”

ಅವಳು ಅವನ ಕೈಯಿಂದ ಟೋಕನ್ ಕಿತ್ತು ನನ್ನ ಕೈಗಿಟ್ಟಳು. ಅದು ನನ್ನದಕ್ಕಿಂತ ಆರು ನಂಬರು ಮುಂಚಿನದು. ನಾನು ಬೇಡವೆನ್ನಲಿಲ್ಲ. ತಮ್ಮ ಒಮ್ಮೆ ಡಾಕ್ಟರ ಬಾಗಿಲು ನೋಡಿ, ಅವಳ ಹಿಂದೆ ಮೆಟ್ಟಿಲಿಳಿದ.