ಕೆಸರಿನಂಚಿನ ಹೆಬ್ಬಾತುಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಪಕ್ಕದ ಕೋಣೆಯಿಂದ ಒಗ್ಗರಣೆಯ ಘಮ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ರಾಮನಗರದ ಈ ಛಾಯಾಚಿತ್ರ ಪ್ರದರ್ಶನದಲ್ಲಿ ನನ್ನ ಹೆಬ್ಬಾತುಗಳ ಚಿತ್ರಕ್ಕೆ ಮೊದಲ ಬಹುಮಾನ ಕೊಟ್ಟಿದ್ದೀರಿ. 'ನಾಗಲಕ್ಷ್ಮಮ್ಮನವರ ದೀರ್ಘ ತಪಸ್ಸು' ಎಂದರು ಅಧ್ಯಕ್ಷರು. ತಪಸ್ಸು ನನ್ನದಲ್ಲ ಸ್ವಾಮಿ. ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರಲ್ಲ, ನಮ್ಮ ಯಜಮಾನರು ಬೋರಲಿಂಗಯ್ಯನವರು, ಅವರದು.

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಯಂತ್ರಗಳ ಸದ್ದಿನ ನಡುವೆ ದುಡಿದವರು. ಮನೆಗೆ ಬಂದರೆ ಮಾತೇ ಇಲ್ಲ. ನಾನೋ ಹೈಸ್ಕೂಲ್ ಮೇಡಂ. ಸಾರು ಹೇಗಿದೆ ಎಂದರೆ 'ಹ್ಞೂಂ'. ಮಗಳಿಗೆ ಈ ಗಂಡು ಆಗಬಹುದೇ ಎಂದರೂ ಅದೇ 'ಹ್ಞೂಂ'. ಇಂಥವರ ಜೊತೆ ನಿವೃತ್ತಿಯ ದಿನ ಕಳೆಯುವುದು ಹೇಗೆ? ನೀವೇ ಹೇಳಿ, ಹೇಗೆ?

ಅವರು ಒಂದು ಕ್ಯಾಮೆರಾ ಕೊಂಡರು. ಕಾರ್ತಿಕದ ಚಳಿಗೆ ಮರಳವಾಡಿ ಕಡೆಯ ಕೆರೆಯೊಂದಕ್ಕೆ ಹೆಬ್ಬಾತುಗಳು ಇಳಿಯುತ್ತವೆ. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳು. ಇವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು, 'ಒಬ್ಬರನ್ನೇ ಕಳಿಸಬೇಡಿ' ಎಂದಿದ್ದರು ಡಾಕ್ಟರು. ಹಾಗಾಗಿ ಫ್ಲಾಸ್ಕ್ ಹಿಡಿದು ನಾನೂ ಹೊರಟೆ. ಅಲ್ಲೂ ಬಾಯಿ ಬಿಡುವಂತಿಲ್ಲ, ಹಕ್ಕಿ ಬೆದರುತ್ತವೆ!

ಕೆರೆ ಪಕ್ಕದ ಹೊಲ ಕೆಂಚಯ್ಯನವರದು. ಅವರಿಗೆ ನಮ್ಮನ್ನು ಕಂಡರಾಗದು. "ನೀವು ಫೋಟೋ ತೆಕ್ಕೊಂಡು ಓಯ್ತೀರಿ ಕಣ್ರವ್ವಾ, ನಮ್ ಹುರುಳಿ ಮೇಯೋವು ಇವೇಯ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಬೇಸತ್ತು ತಗಡು ಬಡಿದೇಬಿಟ್ಟರು. ಇಡೀ ಹಿಂಡು ಮೇಲೆದ್ದಿತು. ಇವರು ಆಕಾಶ ನೋಡುತ್ತಾ ಮುಂದೆ ಹೆಜ್ಜೆಯಿಟ್ಟರು, ಸೊಂಟದವರೆಗೆ ಕೆಸರಿನಲ್ಲಿ ಹೂತುಹೋದರು.

"ರೀ, ಕೈ ಕೊಡ್ರೀ!" ಎಂದು ಕೂಗಿದೆ. ಕೈ ಕೊಡಿ ಎಂದರೆ ಕೈಗೆ ಕ್ಯಾಮೆರಾ ಕೊಟ್ಟರು!

"ನಾಗಾ, ನನ್ನ ಆಮೇಲೆ ಎತ್ತು. ಮೊದ್ಲು ಅವುಗಳ ಫೋಟೋ ತೆಗಿ!"

ಕ್ಯಾಮೆರಾವನ್ನು ನಾನು ಅದುವರೆಗೆ ಮುಟ್ಟಿದವಳೇ ಅಲ್ಲ. ಅಳುತ್ತಾ, ಬೈಯುತ್ತಾ ಗುಂಡಿ ಒತ್ತಿದೆ. ಆ ಚಿತ್ರವೇ ಇದು.

ಅಷ್ಟರಲ್ಲಿ ಕೆಂಚಯ್ಯ ಓಡಿ ಬಂದರು. "ಅಯ್ಯೋ ಸಿವನೇ! ಅಕ್ಕಿ ಓಡ್ಸಕ್ ಬಂದು ಮನ್ಸನ್ನೇ ಕೆಡವ್ಬುಟ್ನಲ್ಲಾ! ಅಲ್ಲಾಡ್ಬ್ಯಾಡಿ ಯಜಮಾನ್ರೇ, ಬತ್ತೀನಿ." ದನದ ಹಗ್ಗ ಎಸೆದರು. ಇಬ್ಬರೂ ಸೇರಿ ಎಳೆದೆವು. ಕೆಂಚಯ್ಯನವರು ದಡದಲ್ಲಿ ಕೂತು ಕ್ಯಾಮೆರಾದೊಳಗಿನ ಚಿತ್ರ ನೋಡಿದವರೇ, "ಇವು ನಮ್ ಕೆರೆವೇಯಾ?" ಎಂದು ಇನ್ನೊಮ್ಮೆ, ಮತ್ತೊಮ್ಮೆ ನೋಡಿದರು. ಈಗಲೂ ತಗಡು ಬಡಿಯುತ್ತಾರೆ. ಅವರ ಹೊಲ, ಅವರ ಹುರುಳಿ. ಆದರೆ ನಾವಿದ್ದರೆ ಮೊದಲೇ ಕೂಗುತ್ತಾರೆ: "ಬಡೀತೀನಿ ಕಣ್ರವ್ವಾ, ರೆಡಿಯಾಗಿ!"

ಮನೆಗೆ ಬಂದು ಬಿಸಿನೀರು ಹುಯ್ದು ಕೆಸರು ತೊಳೆಯುತ್ತಿದ್ದೆ. ಇವರು ಮಾತು ತೆಗೆದರು. ಹಿಂಡು ಹೇಗೆ ಎದ್ದಿತು, ರೆಕ್ಕೆಯ ಸದ್ದು ಹೇಗೆ ಕೇಳಿಸಿತು, ನಾನು ಬೈಯುತ್ತಲೇ ಹೇಗೆ ಗುಂಡಿ ಒತ್ತಿದೆ... "ಸತ್ತೇ ಓಗ್ತೀನಿ ಅಂದ್ಕೊಂಡೆ ನಾಗಾ. ಆದ್ರೂ ಕತ್ತು ಇಳಿಸಕ್ಕೆ ಮನಸ್ಸು ಬರ್ಲಿಲ್ಲ." ಹಂಡೆಯ ನೀರು ತಣ್ಣಗಾಯಿತು, ಮಾತು ಮುಗಿಯಲಿಲ್ಲ. ಪಕ್ಕದಲ್ಲೇ ನಿಂತು ಎಲ್ಲ ಕಂಡವಳು ನಾನು. ಆದರೂ ಏನೂ ಅರಿಯದವಳ ಹಾಗೆ, "ಆಮೇಲೆ?" ಎಂದು ಕೇಳುತ್ತಾ ಕುಳಿತೆ.

ಕರೆದು ಗೌರವಿಸಿದ ನಿಮಗೂ, ಹಗ್ಗ ಎಸೆದ ಕೆಂಚಯ್ಯನವರಿಗೂ ನಾನು ಋಣಿ. ನಮಸ್ಕಾರ.