ಗಂಜಿಗೆ ಹೊಂದುವ ಖಾರ

ಒಬ್ಬ ಶ್ರೀಮಂತ ಇದ್ದ. ಯಾವ ಊರು ಎಂದು ಕೇಳಬೇಡಿ, ಹೇಳಿದರೆ ನಿಮ್ಮೂರೇ ಆದೀತು. ಹೆಂಡ ಮುಟ್ಟುವವನಲ್ಲ, ಜೂಜಾಡುವವನಲ್ಲ. ಅವನಿಗಿದ್ದದ್ದು ಒಂದೇ ಚಟ, ಖಾರ. ನಗಬೇಡಿ. ಖಾರ ತಿನ್ನದವರು ಇಲ್ಲಿ ಯಾರಿದ್ದೀರಿ?

ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ, ಅವಲಕ್ಕಿಗೆ ಬೆಳ್ಳುಳ್ಳಿ ಖಾರ, ಮೊಸರನ್ನಕ್ಕೆ ಹುಣಸೆಹುಳಿ ಬಿದ್ದ ಹಸಿಖಾರ. ಒಂದಕ್ಕೆ ಹೊಂದಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದು ಅವನ ಸಿದ್ಧಾಂತ. ಭರಣಿ ತುಂಬ ಮಾಡಿಟ್ಟರೆ ರುಚಿ ಸಾಯುತ್ತದೆ, ಒಮ್ಮೆಗೆ ಒಂದೇ ಹಿಡಿ ಮಾಡಬೇಕು. ಎರಡು ದಿನಕ್ಕೆ ಅದು ಮುಗಿಯಿತು, ಮತ್ತೆ ಹೊಸದು. ಮನೆಯಲ್ಲಿ ಆಳುಗಳಿಗೇನು ಕೊರತೆ? ಆದರೆ ಆಳಿನ ಕೈಯಲ್ಲಿ ರುಚಿ ಬರುವುದಿಲ್ಲವಂತೆ, ಹೆಂಡತಿಯೇ ರುಬ್ಬಬೇಕು. ಬೆಳಗಾದರೆ ಒರಳಿನ ಮುಂದೆ ಅವಳು, ಮೆಣಸಿನಕಾಯಿಯೊಳಗೆ ಅವಳ ಅಂಗೈ. ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದ್ದಳು, "ಕೈ ಭಾಳ ಉರಿತಾವ್ರೀ."

"ಖಾರ ಅಂದಮ್ಯಾಲ ಉರೀಬೇಕಲ್ಲ" ಎಂದು ಅವನು ನಕ್ಕು ಇನ್ನೊಂದು ರೊಟ್ಟಿ ಕೇಳಿದ.

ಅವರಿಗೆ ಮೂರು ವರ್ಷದ ಮಗಳು. ಒಂದು ದಿನ ಕೂಸು ಬಿದ್ದು ಅತ್ತಾಗ ತಾಯಿ ರುಬ್ಬುವುದನ್ನು ಬಿಟ್ಟು, ಕೈ ತೊಳೆದು, ಓಡಿಬಂದು ಕಣ್ಣೊರೆಸಿದಳು. ಮೆಣಸಿನ ಉರಿ ನೀರಿಗೆ ಹೋಗುತ್ತದೆಯೇ? ಸಂಜೆಯವರೆಗೆ ಕೂಸು ಕಣ್ಣುಬಿಡದೆ ಚೀರಿತು. ಗಂಡ ಅಂದು ಪರವೂರಿಗೆ ಹೋಗಿದ್ದ. ಆಮೇಲೆ ಅವಳು ಮಗಳಿಗೆ ಅಂಗೈ ತಾಗಿಸಲೇ ಇಲ್ಲ. ಮೊಣಕೈಯಿಂದ ಅವುಚಿ ಎತ್ತುವಳು, ಉಣಿಸಲು ಕೆಲಸದವಳನ್ನು ಕರೆಯುವಳು. ಶ್ರೀಮಂತ ಇದನ್ನು ನೋಡಿದ. ನೋಡಿ ಏನು ತಿಳಿದ? ಇವಳಿಗೆ ಕರುಳೇ ಇಲ್ಲ ಎಂದು ತಿಳಿದ. ಬಂದವರ ಮುಂದೆ ಆಡಿಯೂ ಆಡಿದ. ಅವಳು ತಲೆತಗ್ಗಿಸಿ ಒಳಗೆ ಹೋದಳು.

ಕೂಸಿಗೆ ಜ್ವರ ಬಂತು. ನಾಲ್ಕು ದಿನವಾದರೂ ಇಳಿಯಲಿಲ್ಲ. ವೈದ್ಯರು ಗಂಜಿ ಬಿಟ್ಟು ಬೇರೇನೂ ಬೇಡ ಎಂದರು. ಕೂಸು ಎರಡು ಚಮಚ ಕುಡಿದು ಮುಖ ತಿರುಗಿಸಿತು. ಉಳಿದದ್ದನ್ನು ತಂದೆ ತನ್ನ ಬಟ್ಟಲಿಗೆ ಬಗ್ಗಿಸಿಕೊಂಡ. ಆಗ ಅವನ ತಲೆಯಲ್ಲಿ ಏನಿತ್ತು ಹೇಳಿ? ಗಂಜಿಗೆ ಯಾವ ಖಾರ ಹೊಂದೀತು ಎಂಬ ಚಿಂತೆ! ಇದ್ದ ಮೂರನ್ನೂ ನಂಜಿಕೊಂಡು ನೋಡಿದ, ಯಾವುದೂ ಹೊಂದಲಿಲ್ಲ. ಹಸಿಮೆಣಸಿನಕಾಯಿಗೆ ಶುಂಠಿ ಹಾಕಿ ಒಂದು ಹಿಡಿ ರುಬ್ಬು ಎಂದು ಹೆಂಡತಿಗೆ ಹೇಳಿದ. ಅವಳು ಕೂಸನ್ನು ನೋಡಿದಳು, ಅವನನ್ನು ನೋಡಿದಳು, ಎದ್ದು ಹೋಗಿ ರುಬ್ಬಿಕೊಟ್ಟಳು.

ಸ್ವಲ್ಪ ಹೊತ್ತಿಗೆ ಕೂಸು ಕಣ್ಣು ತೆರೆಯಿತು. "ಯವ್ವಾ, ಹಣಿ ಮ್ಯಾಲ ಕೈ ಇಡಬೇ."

ತಾಯಿ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು. ನೀನೆಂಥ ತಾಯಿ ಎಂದು ಅವನು ಗದರಿದ. ಆಗ ಅವಳು ಅಂಗೈ ಎರಡನ್ನೂ ಅವನ ಮುಂದೆ ಚಾಚಿದಳು.

"ಈಗಷ್ಟ ನಿಮಗ ಖಾರ ರುಬ್ಬೀನ್ರೀ. ಈ ಕೈ ಇಟ್ಟರ ಕೂಸಿನ ಹಣಿ ಸುಡತೈತಿ."

ಏಳು ವರ್ಷ ಆ ಕೈಯಿಂದ ಉಂಡವನು ಆ ಕೈಯನ್ನು ನೋಡಿದ್ದು ಅಂದೇ. ಕೆಂಪಗೆ ಸುಲಿದಿತ್ತು. ಅವಳು ಒಳಗೆ ಓಡಿ ಮಜ್ಜಿಗೆಯಲ್ಲಿ ತೊಳೆದಳು, ಎಣ್ಣೆ ಹಚ್ಚಿ ಒರೆಸಿದಳು, ಮತ್ತೆ ತೊಳೆದಳು. ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ಕೈ ಇಟ್ಟಳು. ತಣ್ಣಗಾದ ಹಣೆಯ ಮೇಲೆ ಉರಿಯುವ ಕೈ.

ಆಮೇಲೆ ಆ ಮನೆಯಲ್ಲಿ ಯಾರೂ ಖಾರ ರುಬ್ಬಲಿಲ್ಲ. ಎಂಟು ದಿನಕ್ಕೆ ಅವಳ ಕೈ ಉರಿ ಇಳಿಯಿತು. ಎತ್ತಿಕೊಳ್ಳಲು ಕೂಸು ಇರಲಿಲ್ಲ.

ನೋಡಿ, ಅವನು ಕೆಟ್ಟವನಲ್ಲ. ನಿಮ್ಮಂಥವನು, ನನ್ನಂಥವನು. ಬಾಯಿಗೆ ಬಂದದ್ದರ ರುಚಿ ನೋಡಿದ, ತಂದುಕೊಟ್ಟ ಕೈ ನೋಡಲಿಲ್ಲ, ಅಷ್ಟೇ. ನಾಳೆ ಬೆಳಿಗ್ಗೆ ತಾಟಿನ ಮುಂದೆ ಕುಳಿತಾಗ, ನಂಜಿಕೊಳ್ಳಲು ಏನಿದೆ ಎಂದು ಕೇಳುವ ಮೊದಲು ಬಡಿಸುವ ಕೈ ಹಿಡಿದು ನೋಡಿ. ಉರಿಯುತ್ತಿದೆಯೇ ಎಂದು ಕೇಳಿ. ಹೌದು ಎಂದರೆ ಎದ್ದು ಹೋಗಿ ನೀವು ರುಬ್ಬಿ, ಇಲ್ಲವೇ ಬರೀ ರೊಟ್ಟಿ ತಿನ್ನಿ.

ಮಾಡುತ್ತೀರಿ ಎಂಬ ನಂಬಿಕೆ ನನಗಿಲ್ಲ. ಹೋದ ವರ್ಷ ಬೇರೆ ಊರಲ್ಲಿ ಇದೇ ಕಥೆ ಹೇಳಿ ಎಲ್ಲರನ್ನೂ ಅಳಿಸಿ, ಊಟಕ್ಕೆ ಕುಳಿತು, ಚಟ್ನಿ ಇನ್ನಷ್ಟು ತನ್ನಿ ಎಂದವನು ನಾನೇ. ತಂದ ತಾಯಿಯ ಕೈ ಹೇಗಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಇವತ್ತೂ ಒಳಗೆ ಯಾರೋ ರುಬ್ಬುತ್ತಿದ್ದಾರೆ, ಸದ್ದು ನಿಮಗೂ ಕೇಳಿಸುತ್ತಿದೆ. ಊಟಕ್ಕೆ ಏಳುವ ಮೊದಲು ಅವರ ಮನೆಯ ಕೂಸನ್ನು ಯಾರು ಎತ್ತಿಕೊಂಡಿದ್ದಾರೆ ಎಂದು ಕೇಳಿಕೊಂಡು ಬನ್ನಿ.